ಕೆಳಗಿಡಿ ಎಂದವಳು

ಆಫೀಸಿನಲ್ಲಿ ಅವಳಿಗೆ ಎಲ್ಲಿಂದಕ್ಕ ಎಂದು ಹೆಸರು. ತುರ್ತು ಕರೆ ಎತ್ತಿಕೊಳ್ಳುವ ಕೆಲಸ. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಹೆಡ್‌ಫೋನು, ಅದೇ ಮೊದಲ ಪ್ರಶ್ನೆ: "ಎಲ್ಲಿಂದ ಮಾತಾಡ್ತಿದ್ದೀರಿ?" ಯಾರು, ಏನು, ಯಾಕೆ ಎಲ್ಲ ಆಮೇಲೆ. ನಡುವೆ ಲೈನು ಕಟ್ಟಾದರೂ ಪೊಲೀಸ್ ಗಾಡಿ ಕಳಿಸಲು ವಿಳಾಸವೊಂದು ಕೈಯಲ್ಲಿರಬೇಕು. ಆ ಚಾಳಿ ಮನೆಯವರೆಗೂ ಬಂದು, ಸ್ವಂತ ಅಕ್ಕ ಫೋನು ಮಾಡಿದರೂ ಕ್ಷೇಮ ಕೇಳುವ ಮೊದಲು ಎಲ್ಲಿಂದ ಎಂದೇ ಕೇಳುತ್ತಿದ್ದಳು. "ಸ್ನಾನದ ಮನೆಯಿಂದ ಕಣೇ, ಗಾಡಿ ಕಳಿಸ್ತೀಯಾ?" ಎಂದು ಅಕ್ಕ ರೇಗಿಸುವಳು.

ಆ ಕೆಲಸದಲ್ಲಿ ಒಂದು ವಿಚಿತ್ರವಿದೆ. ದಿನಕ್ಕೆ ನೂರು ಕಥೆಗಳ ಮೊದಲ ಅರ್ಧ ಕಿವಿಗೆ ಬೀಳುತ್ತದೆ, ಉಳಿದರ್ಧ ಯಾರೂ ಹೇಳುವುದಿಲ್ಲ. ಗಾಡಿ ಬಾಗಿಲಿಗೆ ಹೋಯಿತೋ, ಲೈನು ಬಿಡಬೇಕು, ಮುಂದಿನ ಕರೆ ಎತ್ತಬೇಕು. ಆಮೇಲೆ ಏನಾಯಿತೆಂದು ಕೇಳುವಂತಿಲ್ಲ, ಅದು ಆಫೀಸಿನ ನಿಯಮ. ಕೇಳುತ್ತ ಹೋದವರು ಆರು ತಿಂಗಳಲ್ಲಿ ಕೆಲಸ ಬಿಟ್ಟು ಓಡುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. ಎಲ್ಲಿಂದಕ್ಕ ಕೇಳಿದವಳಲ್ಲ. ಮಧ್ಯಾಹ್ನ ಎರಡಕ್ಕೆ ಹೆಡ್‌ಫೋನು ತೆಗೆದಿಟ್ಟರೆ ಆ ದಿನದ ಗೋಳೆಲ್ಲ ಅಲ್ಲೇ ಗೂಟಕ್ಕೆ ನೇತುಬಿದ್ದಿರುತ್ತಿತ್ತು. ಮನೆಗೆ ಬಂದು ಹೊಟ್ಟೆ ತುಂಬ ಉಂಡು ಮಲಗುವ ಗಟ್ಟಿ ಜೀವ ಅವಳದು.

ಎರಡು ವರ್ಷದ ಹಿಂದಿನ ಒಂದು ಕರೆ ಮಾತ್ರ ಗೂಟಕ್ಕೆ ನಿಲ್ಲಲಿಲ್ಲ, ಬೆನ್ನಿಗೆ ಬಿದ್ದು ಮನೆಗೇ ಬಂದಿತು.

ಮಟಮಟ ಮಧ್ಯಾಹ್ನ, ಹನ್ನೆರಡೂವರೆ. ಹೆಂಗಸೊಬ್ಬಳು ಪಿಸುಗುಟ್ಟುತ್ತಿದ್ದಳು. ಮನೆಯಲ್ಲಿ ಒಬ್ಬಳೇ ಇದ್ದಾಳೆ, ಹಿತ್ತಿಲ ಬಾಗಿಲನ್ನು ಯಾರೋ ಮೀಟುತ್ತಿದ್ದಾನೆ. "ಚಾಕು ಹಿಡ್ಕೊಂಡಿದೀನಿ ಮೇಡಂ, ಅಡುಗೆಮನೇದು, ದೊಡ್ಡದು. ಬಂದ್ರೆ ಬಿಡಲ್ಲ." ಎಲ್ಲಿಂದಕ್ಕನ ಎದುರಿನ ಪರದೆಯ ಮೇಲೆ, ಇಂಥ ಹೊತ್ತಿಗೆ ಏನು ಹೇಳಬೇಕೆಂಬುದು ಸಾಲುಸಾಲಾಗಿ ಮೂಡುತ್ತದೆ. ಕರೆ ಮಾಡಿದವರ ಕೈಯಲ್ಲಿ ಆಯುಧವಿದ್ದರೆ ಕೆಳಗಿಡಲು ಹೇಳಿ. ಯಾಕೆಂದರೆ ಬಂದ ಪೊಲೀಸರು ಕರೆ ಮಾಡಿದವಳನ್ನೇ ಕಳ್ಳಿಯೆಂದುಕೊಂಡಾರು, ಇಲ್ಲವೇ ಕಳ್ಳನೇ ಅದನ್ನು ಕಿತ್ತುಕೊಂಡಾನು. ಕಾರಣ ಸರಿಯಾಗಿಯೇ ಇದೆ.

"ಗಾಬರಿ ಬೇಡ, ನಾನು ಲೈನಲ್ಲೇ ಇದೀನಿ. ಚಾಕು ಕೆಳಗಿಡಿ. ಆರು ನಿಮಿಷದಲ್ಲಿ ನಮ್ಮೋರು ಬರ್ತಾರೆ."

"ನಿಜವಾಗ್ಲೂ ಇಡ್ಲಾ ಮೇಡಂ?"

"ಇಡಿ ಅಮ್ಮ."

ಕಟ್ಟೆಯ ಕಲ್ಲಿಗೆ ಚಾಕು ತಾಗಿದ ಸದ್ದು ಇವಳಿಗೆ ಸ್ಪಷ್ಟವಾಗಿ ಕೇಳಿಸಿತು. ಆರು ನಿಮಿಷ ಕಳೆಯಿತು, ಗಾಡಿಯ ಸುಳಿವಿಲ್ಲ. ಒಂಬತ್ತನೆಯ ನಿಮಿಷಕ್ಕೆ ಬಾಗಿಲು ಮುರಿಯಿತು. ಒಂದು ಕೂಗು, ಫೋನು ಬಿದ್ದದ್ದು, ಅಷ್ಟೇ. ಗಾಡಿ ಹೋಗಿ ಮುಟ್ಟಿದಾಗ ಹದಿನೇಳು ನಿಮಿಷವಾಗಿತ್ತು. ಮುಂದಿನ ಕರೆ, ಬಳೆ ತೊಟ್ಟ ಕೈ ನಲ್ಲಿಯ ಸಂದಿಯಲ್ಲಿ ಸಿಕ್ಕಿಸಿಕೊಂಡ ಅಜ್ಜಿಯೊಬ್ಬಳದು. ಅದನ್ನೂ ಎತ್ತಿ, ಎಲ್ಲಿಂದ ಎಂದು ಕೇಳಿದಳು.

ಆ ಹೆಂಗಸು ಉಳಿದಳೋ ಹೋದಳೋ ಗೊತ್ತಾಗಲಿಲ್ಲ. ನಾಲ್ಕು ದಿನ ಪೇಪರಿನಲ್ಲಿ ಹುಡುಕಿದಳು. ಐದನೆಯ ದಿನ, ಸಿಕ್ಕಿಬಿಟ್ಟರೆ ಎಂದು ಹೆದರಿ ಪೇಪರು ಮುಟ್ಟುವುದನ್ನೇ ಬಿಟ್ಟಳು. ಆರನೆಯ ದಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ರಟ್ಟು ಕತ್ತರಿಸುವುದಕ್ಕೆ ಎಂದು ಸುಳ್ಳು ಹೇಳಿ, ಮಡಚುವ ಚಾಕು ಕೊಂಡಳು. ಆಫೀಸಿನ ಗೇಟಿನಲ್ಲಿ ಬ್ಯಾಗು ತಡವುತ್ತಾರಲ್ಲ, ಅದಕ್ಕೆ ಕನ್ನಡಕದ ಡಬ್ಬಿಯಲ್ಲಿಟ್ಟಳು. ಅದನ್ನು ಯಾರೂ ತೆಗೆದು ನೋಡಲಿಲ್ಲ.

ಅಲ್ಲಿಂದ ಶುರುವಾಯಿತು ನೋಡಿ ಅನುಮಾನ. ಮೀಟರ್ ಓದುವವನ ಗುರುತಿನ ಚೀಟಿಯ ಫೋಟೊ ಹೊಡೆದಿಟ್ಟಳು. ಗ್ಯಾಸ್ ತರುವವನು ಹೊಸಬನಾದರೆ ಸಿಲಿಂಡರು ಹೊರಗೇ ಇಳಿಸಿಕೊಂಡು, ತಾನೇ ಉರುಳಿಸಿಕೊಂಡು ಒಳಗೆ ತರುತ್ತಿದ್ದಳು. ಅತ್ತೆಯೋ, ಬಾಗಿಲು ತಟ್ಟಿದವರಿಗೆಲ್ಲ ನೀರು ಕೊಟ್ಟು ಕೂರಿಸಿ ಅವರ ಮಕ್ಕಳುಮರಿಗಳ ಲೆಕ್ಕ ಕೇಳುವ ಪೈಕಿ. "ನಿನ್ನ ಕಣ್ಣಿಗೆ ನಾನೂ ಕಳ್ಳಿ ಥರ ಕಾಣ್ತೀನೇನಮ್ಮ?" ಎಂದು ಒಂದು ದಿನ ಕೇಳಿಯೇಬಿಟ್ಟರು. ಎಲ್ಲಿಂದಕ್ಕ ನಗಲಿಲ್ಲ. ಉತ್ತರಕ್ಕೆ ಅವಳು ತೆಗೆದುಕೊಂಡ ಆ ಒಂದು ಕ್ಷಣ ಅತ್ತೆಗೆ ಬಹಳ ದಿನ ನೋಯಿತು.

ಗಂಡ ಫ್ರಿಜ್ ರಿಪೇರಿಯವನು. ಸಣ್ಣ ಸ್ಕ್ರೂಡ್ರೈವರ್ ಹುಡುಕುತ್ತ ಹೆಂಡತಿಯ ಬ್ಯಾಗಿಗೆ ಕೈಹಾಕಿದವನು ಕನ್ನಡಕದ ಡಬ್ಬಿ ತೆರೆದ.

"ಏನೇ ಇದು?"

"ಚಾಕು."

"ಕನ್ನಡಕ ಎಲ್ಲೇ?"

"ಮೂಗಿನ ಮೇಲಿದೆಯಲ್ಲ, ಕಾಣಲ್ವಾ?"

ಅವನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಹಾಸಿಗೆಯ ತುದಿಗೆ ಕೂತ. "ಊರೋರಿಗೆಲ್ಲ ಒಂದು ಫೋನ್ ಮಾಡಿ ಸಾಕು, ನಾವಿದ್ದೀವಿ ಅಂತೀಯ. ನಿಂಗೇ ನಂಬಿಕೆ ಇಲ್ವಾ?"

"ನಮ್ಮ ಬೀದಿಗೆ ಗಾಡಿ ಬರೋಕೆ ಹನ್ನೊಂದು ನಿಮಿಷ ಬೇಕು ರೀ. ಆಫೀಸಿನ ಬೋರ್ಡಲ್ಲಿ ದಿನಾ ನೋಡ್ತೀನಿ. ಹನ್ನೊಂದು ನಿಮಿಷದಲ್ಲಿ ಏನೇನಾಗುತ್ತೆ ಅಂತ ನಿಮಗೇನು ಗೊತ್ತು?"

"ಆಮೇಲೆ ಅವನೇ ಕಿತ್ಕೊಂಡು ನಿಂಗೇ ಚುಚ್ಚಿದ್ರೆ?"

"ಅದನ್ನ ನಾನೂ ಎಲ್ರಿಗೂ ಹೇಳ್ತೀನಿ. ಹೋಟ್ಲೋನು ತನ್ನ ಹೋಟ್ಲಲ್ಲೇ ಊಟ ಮಾಡ್ತಾನಾ?"

"ಮಾಡ್ಬೇಕಪ್ಪ. ಮಾಡಲ್ಲ ಅಂತ ಗೊತ್ತಾದ್ರೆ ನಾನಂತೂ ಆ ಹೋಟ್ಲಿಗೆ ಕಾಲಿಡಲ್ಲ," ಎಂದು ಡಬ್ಬಿ ಮುಚ್ಚಿ ವಾಪಸು ಇಟ್ಟ. ಪಾಪ, ಅವನು ಮಾತು ಬೆಳೆಸುವ ಮನುಷ್ಯನಲ್ಲ. ಅವನಿಗೆ ಆ ಕರೆಯ ವಿಷಯ ಗೊತ್ತಿರಲಿಲ್ಲ, ಅವಳು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ಕಂದು ಕೊಡೆಯ ಹೆಂಗಸೊಬ್ಬಳು ಬೆನ್ನು ಹತ್ತಿದಳು.

ಮೊದಲ ಸಲ ಕಂಡದ್ದು ಸೋಮವಾರ, ಮನೆ ಹತ್ತಿರದ ಬಸ್ ಸ್ಟಾಪಿನಲ್ಲಿ. ಬಿಸಿಲಿಗೆ ಕೊಡೆ ಹಿಡಿದವರು ಹತ್ತು ಮಂದಿ ಇರುತ್ತಾರೆ. ಆದರೆ ಇವಳು ಬಂದ ಬಸ್ಸು ಹತ್ತಲಿಲ್ಲ, ಎಲ್ಲಿಂದಕ್ಕ ಇಳಿದು ನಡೆದಾಗ ಹಿಂದೆಯೇ ನಡೆದಳು. ಮಂಗಳವಾರ ತರಕಾರಿ ಅಂಗಡಿಯ ಎದುರು, ಗುರುವಾರ ತಿರುವಿನಲ್ಲಿ. ಮುಖದ ಅರ್ಧ ಕೊಡೆಯ ಮರೆಯಲ್ಲಿ. ಎಲ್ಲಿಂದಕ್ಕ ಆಫೀಸಿನ ಅಭ್ಯಾಸದಂತೆ ಬರೆದಿಟ್ಟಳು: ಎತ್ತರ ಐದಡಿ ಎರಡಂಗುಲ, ವಯಸ್ಸು ನಲವತ್ತರ ಆಸುಪಾಸು, ಕೊಡೆ ಎಡಗೈಯಲ್ಲಿ, ಬಲಗೈ ಸದಾ ಸೆರಗಿನೊಳಗೆ. ಸೆರಗಿನೊಳಗೆ ಏನಿದೆ?

"ಹೆಂಗಸು ಹಿಂದೆ ಬಂದ್ರೂ ಹೆದರ್ತಾರೇನೇ?" ಎಂದ ಗಂಡ.

"ಮನೆ ನೋಡ್ಕೊಂಡು ಬಾ ಅಂತ ಕಳಿಸೋದೇ ಹೆಂಗಸರನ್ನ."

"ಹಾಗಾದ್ರೆ ನಿಮ್ಮ ಆಫೀಸಿಗೇ ಒಂದು ಫೋನ್ ಮಾಡು."

ಮಾಡಲು ಮನಸ್ಸು ಬರಲಿಲ್ಲ. ಎತ್ತುವವರು ಪಕ್ಕದ ಕುರ್ಚಿಯವರೇ. ಎಲ್ಲಿಂದ ಎಂದು ಕೇಳುತ್ತಾರೆ, ಗಾಬರಿ ಬೇಡ ಎನ್ನುತ್ತಾರೆ, ನಾಳೆ ಟೀ ಕುಡಿಯುವಾಗ ಕಿಸಕ್ಕೆಂದು ನಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ತಾನು ಹೇಳುವ ಮಾತು ತನಗೇ ಯಾರಾದರೂ ಹೇಳುವುದನ್ನು ಕೇಳುವ ಧೈರ್ಯ ಅವಳಿಗಿರಲಿಲ್ಲ. ಕೊಡೆಯವಳನ್ನು ಆಫೀಸಿನವರೇ ಹಿಂದೆ ಬಿಟ್ಟಿರಬಹುದೇ, ಚಾಕುವಿನ ವಾಸನೆ ಹತ್ತಿ? ಇಲ್ಲ, ಗಂಡನದೇ ಏನಾದರೂ ಇದೆಯೇ? ಫ್ರಿಜ್ ರಿಪೇರಿಗೆ ಎಷ್ಟು ಮನೆಗಳಿಗೆ ಹೋಗುತ್ತಾನೋ ಏನೋ. ಪಕ್ಕದಲ್ಲಿ ಮಲಗಿ ಬೆಳಗಿನವರೆಗೆ ಗೊರಕೆ ಹೊಡೆಯುವವನ ಮೇಲೂ ಸಂಶಯಪಟ್ಟು, ಆಮೇಲೆ ನಾಚಿ, ಮತ್ತೆ ಸಂಶಯಪಟ್ಟಳು.

ಒಂಬತ್ತನೆಯ ದಿನ ಮಂಗಳವಾರ. ಅತ್ತೆ ಮಗಳ ಮನೆಗೆ ಹೋಗಿದ್ದರು, ಗಂಡ ಕೆಲಸದ ಮೇಲೆ. ಮೂರು ಗಂಟೆಗೆ ಎಲ್ಲಿಂದಕ್ಕ ತಮ್ಮ ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದಳು. ಮೊದಲ ಮಹಡಿ ದಾಟಿದಾಗ ಕೆಳಗೆ ಹೆಜ್ಜೆಯ ಸದ್ದು. ಇವಳು ನಿಂತರೆ ಅದೂ ನಿಂತಿತು, ನಡೆದರೆ ನಡೆಯಿತು. ಎಡಗೈಯಲ್ಲಿ ಫೋನು ತೆಗೆದು ತುರ್ತು ನಂಬರು ಒತ್ತಿದಳು. ಇನ್ನು ಹಸಿರು ಗುಂಡಿಯೊಂದು ಒತ್ತಿದರೆ ಸಾಕು. ಹೆಬ್ಬೆರಳು ಅದರ ಮೇಲೆಯೇ ಇತ್ತು. ಹನ್ನೊಂದು ನಿಮಿಷ, ಎಂದುಕೊಂಡಳು. ಫೋನು ಬ್ಯಾಗಿಗೆ ಬಿತ್ತು, ಕನ್ನಡಕದ ಡಬ್ಬಿ ಹೊರಗೆ ಬಂತು.

ಚಾಕು ಬಿಡಿಸಿಕೊಂಡು ಗಿರ್ರನೆ ತಿರುಗಿದಳು. ಮೂರು ಮೆಟ್ಟಿಲು ಕೆಳಗೆ ಆ ಹೆಂಗಸು, ಕೊಡೆ ಮಡಚಿ ಹಿಡಿದು ನಿಂತಿದ್ದಳು.

"ಯಾರೇ ನೀನು? ಯಾರು ಕಳ್ಸಿದ್ದು? ಕೈ ತೆಗಿ ಹೊರಗೆ!"

ಹೆಂಗಸು ಮೆಲ್ಲಗೆ ಸೆರಗಿನಿಂದ ಬಲಗೈ ಹೊರತೆಗೆದಳು. ಅದರಲ್ಲಿ ಏನೂ ಇರಲಿಲ್ಲ. ನಡುವಿನ ಮೂರು ಬೆರಳು ಅಂಗೈಗೆ ಮಡಚಿಕೊಂಡೇ ಇದ್ದವು, ಮಣಿಕಟ್ಟಿನಿಂದ ಮೊಣಕೈವರೆಗೆ ಹೊಲಿಗೆಯ ಗುರುತು.

"ಮೇಡಂ, ಒಂದು ಮಾತು ಕೇಳೋದಿತ್ತು," ಎಂದಳು.

ಮುಖ ಎಷ್ಟು ನೋಡಿದ್ದರೂ ಗುರುತು ಹತ್ತುತ್ತಿರಲಿಲ್ಲ. ದನಿ ಕಿವಿಗೆ ಬಿದ್ದದ್ದೇ ತಡ, ಎಲ್ಲಿಂದಕ್ಕನಿಗೆ ಎಲ್ಲ ತಿಳಿಯಿತು. ಅದೇ ಪಿಸುಮಾತಿನ ದನಿ. ಗೋಡೆಗೆ ಒರಗಿದಳು. ಎರಡು ವರ್ಷ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ಕಣ್ಣಲ್ಲಿ ನೀರೇ ಬಂತು. "ಬದುಕಿದ್ದೀರಾ! ಅಯ್ಯೋ ನನ್ನವ್ವ, ಬದುಕಿದ್ದೀರಾ!"

"ಬದುಕಿದೀನಿ," ಎಂದಳು ಹೆಂಗಸು. "ಹದಿನೈದು ದಿನದ ಹಿಂದೆ ಇಲ್ಲೇ ಮೆಡಿಕಲ್ ಶಾಪಲ್ಲಿ ಮುದುಕರೊಬ್ರು ತಲೆ ತಿರುಗಿ ಕೂತ್ರಲ್ಲ, ಗಾಬರಿ ಬೇಡ ಅಂತ ನೀವು ಸಮಾಧಾನ ಮಾಡಿದ್ರಿ. ದನಿ ಕೇಳಿ ಅಲ್ಲೇ ಗೊತ್ತಾಯ್ತು ನೀವೇ ಅಂತ. ಮಾತಾಡಿಸೋಣ ಅಂತ ದಿನಾ ಬರ್ತಿದ್ದೆ, ಧೈರ್ಯ ಸಾಲ್ತಿರಲಿಲ್ಲ."

"ಕೇಳಿ ಅಮ್ಮ, ಏನು ಬೇಕಾದ್ರೂ ಕೇಳಿ."

"ಮನೇಲಿ ಎಲ್ರೂ ನಂಗೇ ಬೈತಾರೆ. ಕೈಯಲ್ಲಿ ಚಾಕು ಇಟ್ಕೊಂಡು ಯಾಕೆ ಕೆಳಗಿಟ್ಟೆ, ಹಿಡ್ಕೊಂಡಿದ್ರೆ ಕೈಯಾದ್ರೂ ಉಳೀತಿತ್ತು ಅಂತಾರೆ. ನಾನು ಒಪ್ಕೊಂಡಿಲ್ಲ. ಆ ಮೇಡಂ ಇಂಥದ್ದು ದಿನಾ ನೋಡೋರು, ಗೊತ್ತಿದ್ದೇ ಹೇಳಿರ್ತಾರೆ, ಇಟ್ಟಿದ್ದಕ್ಕೇ ಜೀವ ಉಳೀತು ಅಂತ ವಾದ ಮಾಡ್ಕೊಂಡು ಬಂದಿದೀನಿ. ಅದು ಹೌದಾ ಅಂತ ನಿಮ್ಮ ಬಾಯಿಂದ ಒಂದ್ಸಲ ಕೇಳ್ಬೇಕಿತ್ತು. ಗೊತ್ತಿದ್ದು ಹೇಳಿದ್ರಾ, ಇಲ್ಲ ಎಲ್ಲೋ ಬರೆದಿದ್ದನ್ನ ಓದಿದ್ರಾ ಅಂತ."

ಹೇಳುತ್ತ ಹೇಳುತ್ತ ಅವಳ ನೋಟ ಎಲ್ಲಿಂದಕ್ಕನ ಮುಖದಿಂದ ಜಾರಿ ಕೈಗೆ ಬಂದು ನಿಂತಿತು. ಎಲ್ಲಿಂದಕ್ಕನೂ ತನ್ನ ಕೈ ನೋಡಿಕೊಂಡಳು. ಚಾಕು ಇನ್ನೂ ಬಿಚ್ಚಿಯೇ ಇತ್ತು. ಅವಸರದಲ್ಲಿ ಮಡಚಲು ಹೋದಳು, ಅದು ಮಡಚಿಕೊಳ್ಳಲಿಲ್ಲ.

"ಗೊತ್ತಿದ್ದೇ ಹೇಳಿದ್ದು," ಎಂದಳು. ಸುಳ್ಳೂ ಅಲ್ಲ, ನಿಜವೂ ಅಲ್ಲ. ಬಾಯಿಂದ ಬಂದದ್ದು ಅಷ್ಟೇ.

ಹೆಂಗಸು ಚಾಕುವಿನಿಂದ ಕಣ್ಣು ತೆಗೆಯಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಎರಡು ವರ್ಷ ಮನೆಯವರೆದುರು ಒಬ್ಬಳೇ ನಿಂತು ವಾದಿಸಿದವಳು ಈಗ ಸೋತು ಹೋಗಿದ್ದಳು.

"ಬಿಡಿ ಮೇಡಂ," ಎಂದಳು. "ಕೇಳಬಾರದಿತ್ತು."

"ನಿಲ್ಲಿ ಅಮ್ಮ, ಒಳಗೆ ಬನ್ನಿ, ಕೂತು ಮಾತಾಡೋಣ," ಎಂದು ಎಲ್ಲಿಂದಕ್ಕ ಒಂದು ಮೆಟ್ಟಿಲು ಇಳಿದಳು. ಹೆಂಗಸು ಸರಕ್ಕನೆ ಒಂದು ಮೆಟ್ಟಿಲು ಹಿಂದೆ ಸರಿದಳು. ಆಮೇಲೆ ಸೊಟ್ಟಗಾದ ಆ ಕೈಯನ್ನು ಗೋಡೆಗೆ ಆನಿಸಿ, ಎಲ್ಲಿಂದಕ್ಕನಿಗೆ ಬೆನ್ನು ತೋರಿಸದೆ, ಹಿಮ್ಮುಖವಾಗಿಯೇ ಒಂದೊಂದು ಮೆಟ್ಟಿಲು ಇಳಿದು ಹೋದಳು.