ನಾಲ್ಕು ಮೈಕ್ರಾನ್ ಮತ್ತು ಒಂದು ಊಟ

ಮೈಕ್ರಾನ್ ಮಾವನಿಗೆ ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು. ಅದನ್ನು ಈಗ ನೆನಪಿಟ್ಟುಕೊಂಡಿದ್ದು ಕರೆಂಟ್ ಬಿಲ್ಲು ಮಾತ್ರ. ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ದುಡಿದು ನಿವೃತ್ತರಾದವರು, ಅಲ್ಲಿ ಗುಜರಿಗೆ ಹಾಕಿದ್ದ, ಕಬ್ಬಿಣ ಕಡೆಯುವ ಹಳೇ ಲೇತ್ ಯಂತ್ರವೊಂದನ್ನು ತಂದು ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಮಲಗುವ ಕೋಣೆಯ ಗೋಡೆ ಬಿರುಕು ಬಿಟ್ಟರೂ ಚಿಂತೆಯಿಲ್ಲ, ಲೇತಿನ ಮೇಲೆ ಧೂಳು ಕೂರಬಾರದು. ಬಾಗಿಲು ಒಂದು ಮಿಲಿಮೀಟರ್ ವಾರೆಯಾಗಿದೆಯೆಂದು ಬಡಗಿಯನ್ನು ಎರಡು ಸಲ ವಾಪಸು ಕರೆಸಿದ ಮಹಾನುಭಾವರು ಇವರು.

ಹೆಂಡತಿ ಮಾತ್ರ ಇದಕ್ಕೆಲ್ಲ ಸೊಪ್ಪು ಹಾಕಿದವರಲ್ಲ. ಮುಂದಿನ ಕೋಣೆಯಲ್ಲಿ ಅವರದು ಹೊಲಿಗೆ ಅಂಗಡಿ. "ಊರೋರ ಪಂಪು, ಊರೋರ ಮೋಟ್ರು ಎಲ್ಲಾ ರಿಪೇರಿ ಆಗುತ್ತೆ. ಈ ಕಬ್ಬಿಣ ಉಜ್ಜೋದ್ರಿಂದ ಮನೆಗೇನ್ರೀ ಉಪಯೋಗ?" ಎಂದು ಹನ್ನೊಂದು ವರ್ಷದಿಂದ ಕೇಳುತ್ತಲೇ ಇದ್ದರು. ಮಾವ ಲೇತಿಗೆ ಇನ್ನೊಂದು ಹನಿ ಎಣ್ಣೆ ಬಿಡುತ್ತಿದ್ದರು.

ಒಂದು ಶನಿವಾರ ಉತ್ತರ ತಾನಾಗಿ ಬಂತು. ಬಟ್ಟೆಯ ಅಂಚು ಹೊಲಿಯುವ ಯಂತ್ರ ಕಟಕಟ ಸದ್ದು ಮಾಡಿ ನಿಂತೇಬಿಟ್ಟಿತು. ಒಳಗೆ ತಿರುಗುವ ಉಕ್ಕಿನ ಸರಳು, ಅಂದರೆ ಶಾಫ್ಟ್, ಸವೆದಿತ್ತು. ಅಷ್ಟು ಹಳೇ ಯಂತ್ರದ ಶಾಫ್ಟ್ ಯಾವ ಅಂಗಡಿಯಲ್ಲೂ ಸಿಗದು. ಸೋಮವಾರ ಬೆಳಿಗ್ಗೆ ಶಾಲೆಗೆ ಅರವತ್ತು ಸಮವಸ್ತ್ರ ಕೊಡಬೇಕಿತ್ತು.

"ರೀ, ನಿಮ್ಮ ಕೈಲಿ ಆಗುತ್ತಾ?"

ಹೆಂಡತಿ ಲೇತಿನ ಕೋಣೆಯ ಹೊಸ್ತಿಲಿಗೆ ಬಂದು ಏನನ್ನಾದರೂ ಕೇಳಿದ್ದು ಅದೇ ಮೊದಲು. ಮಾವನ ಎದೆ ಉಬ್ಬಿತು. ಆದರೆ ಈ ಸಲ ಕೈಕೊಟ್ಟರೆ ಲೇತ್ ಗುಜರಿಗೆ, ಅದರ ಹಿಂದೆ ತಾವು.

ತಕ್ಕ ಉಕ್ಕಿನ ತುಂಡು ಮನೆಯಲ್ಲಿದ್ದದ್ದು ಒಂದೇ. ಭಾನುವಾರ ಬೆಳಿಗ್ಗೆ ಲೇತಿಗೆ ಉಕ್ಕು ಉಜ್ಜುವ ಕಲ್ಲಿನ ಪುಟ್ಟ ಗ್ರೈಂಡರ್ ಕಟ್ಟಿ, ಕಲ್ಲಿನ ಪುಡಿ ಬೀಳದಂತೆ ಲೇತಿಗೆ ಒದ್ದೆ ಟವೆಲ್ ಹೊದಿಸಿ ಕೆಲಸಕ್ಕೆ ನಿಂತರು. ಅದು ಹೆಂಡತಿಯ ಒಳ್ಳೆಯ ಟವೆಲ್ಲು, ಆ ವಿಷಯ ಈಗ ಬೇಡ. ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು. ಮಧ್ಯಾಹ್ನದ ಹೊತ್ತಿಗೆ ತೆಗೆಯಲು ಉಳಿದದ್ದು ಹತ್ತು ಮೈಕ್ರಾನ್, ಆಮೇಲೆ ನಾಲ್ಕು. ಒಂದು ಕೂದಲನ್ನು ಹದಿನೈದಾಗಿ ಸೀಳಿದರೆ ಒಂದು ಸೀಳಿನಷ್ಟು.

"ಊಟಕ್ಕೆ ಬನ್ರೀ!"

"ಬಂದೆ, ಒಂದೇ ನಿಮಿಷ."

ಆ ಒಂದು ನಿಮಿಷ ಶುರುವಾಗಿ ಆಗಲೇ ಒಂದು ಗಂಟೆಯಾಗಿತ್ತು. ಕೊನೆಯ ನಾಲ್ಕು ಮೈಕ್ರಾನ್ ತೆಗೆಯಲು ಮಾವ ಗುಂಡಿ ಒತ್ತಿದರು. ಲೇತ್ ಉಸಿರೆತ್ತಲಿಲ್ಲ. ಅಡುಗೆಮನೆ ಗೋಡೆಯಲ್ಲಿದ್ದ ಮೇನ್ ಸ್ವಿಚ್ಚನ್ನು ಹೆಂಡತಿ ಆರಿಸಿಬಿಟ್ಟಿದ್ದರು.

"ಏನೇ ಇದು! ಇನ್ನೊಂದೇ ಸಲ ಉಜ್ಜಬೇಕಿತ್ತು ಕಣೇ!"

"ಕಬ್ಬಿಣ ಎಲ್ಲೂ ಓಡಿಹೋಗಲ್ಲ, ಊಟ ಆರಿಹೋಗುತ್ತೆ. ಕೂತ್ಕೊಳ್ಳಿ."

ಮಾವ ಮುಖ ಊದಿಸಿಕೊಂಡೇ ಉಂಡರು. ಆದರೂ ಎರಡು ಸಲ ಬಡಿಸಿಕೊಂಡರು.

ವಾಪಸು ಬಂದು, ಉಜ್ಜುವ ಮೊದಲು ಅಭ್ಯಾಸದಂತೆ ಮತ್ತೊಮ್ಮೆ ಅಳೆದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಆ ನಾಲ್ಕು ಮೈಕ್ರಾನ್ ಇರಲೇ ಇಲ್ಲ. ಅಳತೆ ಕರಾರುವಾಕ್ಕಾಗಿತ್ತು. ಉಜ್ಜುವಾಗ ಬಿಸಿಯಾಗಿ ಉಬ್ಬಿದ್ದ ಉಕ್ಕು, ಇವರು ಉಂಡು ಏಳುವಷ್ಟರಲ್ಲಿ ತಣ್ಣಗಾಗಿ ತನ್ನ ನಿಜವಾದ ಗಾತ್ರಕ್ಕೆ ಇಳಿದಿತ್ತು. ಇನ್ನೊಂದು ಸಲ ಉಜ್ಜಿದ್ದರೆ ಶಾಫ್ಟ್ ಸಡಿಲವಾಗಿ, ಇದ್ದ ಒಂದೇ ತುಂಡು ಹಾಳಾಗುತ್ತಿತ್ತು. "ಬಿಸಿ ಕಬ್ಬಿಣ ಅಳೀಬೇಡ್ರೋ, ಸುಳ್ಳು ಹೇಳುತ್ತೆ" ಎಂದು ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಪಾಠ ಮಾಡಿದವರು ಇವರೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಸಂಜೆ ಯಂತ್ರ ಮತ್ತೆ ಓಡಿತು, ಹಿಂದೆಂದೂ ಓಡದಷ್ಟು ನುಣ್ಣಗೆ. ಹೆಂಡತಿ ಒಂದು ತೋಳಿನ ಅಂಚು ಹೊಲಿದು ನೋಡಿ, "ಅಂತೂ ಉಪಯೋಗಕ್ಕೆ ಬಂತು ಕಣ್ರೀ ನಿಮ್ಮ ಕಬ್ಬಿಣ" ಎಂದರು. ಹನ್ನೊಂದು ವರ್ಷ ಕಾದ ಮಾತು. ಮಾವ ಅದನ್ನು ಸುಮ್ಮನೆ ಜೇಬಿಗಿಳಿಸಿಕೊಳ್ಳಬಹುದಿತ್ತು. ಆದರೆ ನಾಲ್ಕು ಮೈಕ್ರಾನಿನಷ್ಟು ಸುಳ್ಳನ್ನೂ ಸಹಿಸದ ಮನುಷ್ಯ, ನಡೆದದ್ದನ್ನೆಲ್ಲ ಒಪ್ಪಿಕೊಂಡುಬಿಟ್ಟರು. ಹೆಂಡತಿ ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು.

ಈಗಲೂ ಯಾವುದೇ ಕೆಲಸ ಕೊನೆಯ ಅಳತೆಗೆ ಬಂದರೆ ಮಾವ ಲೇತ್ ನಿಲ್ಲಿಸಿ, ತಾವಾಗಿ ಅಡುಗೆಮನೆಗೆ ಬಂದು ಕೂರುತ್ತಾರೆ.

"ಹಸಿವಾಯ್ತಾ, ಕಬ್ಬಿಣ ಬಿಸಿಯಾಯ್ತಾ?" ಎಂದು ಕೇಳುವ ಹೆಂಡತಿ, ಉತ್ತರಕ್ಕೆ ಕಾಯದೆ ತಟ್ಟೆ ಇಡುತ್ತಾರೆ.