ಕಣ್ಣಾರೆ ಕಂಡ ಒಂದೇ ಪಂಚನಾಮೆ

ನನ್ನನ್ನು ಯಾರೂ ಹೆದರಿಸಿರಲಿಲ್ಲ. ಕೋರ್ಟಿನಲ್ಲಿ ನಾನು ಹೇಳಿದ ಸುಳ್ಳು ಪೂರ್ತಿ ನನ್ನದೇ—ಯಾರೂ ಚಾಕು ತೋರಿಸಲಿಲ್ಲ, ಯಾರೂ ಮನೆಗೆ ಬರಲಿಲ್ಲ. ಬಂದಿದ್ದರು ಎಂದು ಊರು ಏಳೆಂಟು ವರ್ಷದಿಂದ ನಂಬಿದೆ. ನಂಬಲಿ ಅಂತ ನಾನೂ ಸುಮ್ಮನಿದ್ದೆ.

ಊರಿನ ಹೆಸರು ಬೇಡ. ಚಿತ್ತಾಪುರಕ್ಕೂ ಶಹಾಬಾದಿಗೂ ನಡುವೆ ಎಲ್ಲೋ ಅಂದುಕೊಳ್ಳಿ—ನೋಡಿ, ತಪ್ಪೊಪ್ಪಿಕೊಳ್ಳುವಾಗಲೂ ನನಗೆ ಅಂಜಿಕೆ. ಪೊಲೀಸ್ ಠಾಣೆಯ ಎದುರಿಗೆ ನನ್ನ ಝೆರಾಕ್ಸ್ ಅಂಗಡಿ. ಠಾಣೆಯವರು ಏನಾದರೂ ಜಪ್ತಿ ಮಾಡಿದರೆ ಪಂಚರು ಬೇಕು, ಅಂದರೆ ಕಣ್ಣಾರೆ ಕಂಡೆವು ಎಂದು ಪಂಚನಾಮೆಗೆ ಸಹಿ ಹಾಕುವ ಸಾಕ್ಷಿಗಳು. ಬಿಸಿಲಲ್ಲಿ ಜಪ್ತಿಯ ಜಾಗದತನಕ ಯಾರು ಹೋಗುತ್ತಾರೆ? ಬರೆದ ಕಾಗದ ನನ್ನ ಅಂಗಡಿಗೇ ಬರುತ್ತಿತ್ತು. ಇಸ್ಪೀಟಿನ ಅಡ್ಡೆ, ಕಳ್ಳಭಟ್ಟಿ, ಕದ್ದ ಪಂಪ್‌ಸೆಟ್ಟು—ಕುಂತಲ್ಲೇ ಎಲ್ಲವನ್ನೂ ಕಂಡಿದ್ದೇನೆ.

ಮೌಲಾಲಿ ಜಮಾದಾರರು ಮಾತ್ರ ಹಾಗೆ ಮಾಡುವವರಲ್ಲ. ಹೆಡ್ ಕಾನ್‌ಸ್ಟೇಬಲ್ಲಿಗೆ ನಮ್ಮ ಕಡೆ ಜಮಾದಾರ ಅಂತಲೇ ಅನ್ನುವುದು. ಉಬ್ಬಸದ ಮನುಷ್ಯ, ಸೊರಗಿದ ಮೈ, ಬೆಲ್ಟಿಗೆ ಮೊಳೆಯಿಂದ ಹೊಡೆದ ಎರಡು ಹೆಚ್ಚಿನ ತೂತು. ಹತ್ತು ವರ್ಷದ ಹಿಂದೆ ಪ್ರಾಮಾಣಿಕ ಪೊಲೀಸನೊಬ್ಬನ ಹಿಂದಿ ಪಿಚ್ಚರ್ ಬಂದಿತ್ತು. ಶಹಾಬಾದಿನ ಟಾಕೀಸಿನಲ್ಲಿ ಮೂರು ಸಲ ನೋಡಿದೆ; ಮೂರನೆಯದಕ್ಕೆ ಅವರನ್ನೂ ಎಳೆದುಕೊಂಡು ಹೋದೆ. ಹೀರೋ ಓಡುವ ರೈಲಿನಿಂದ ಮಂತ್ರಿಯ ಕಾರಿನ ಮೇಲೆ ಜಿಗಿಯುತ್ತಾನೆ, ಒಂದೇ ಗುದ್ದಿಗೆ ಜೀಪು ಪಲ್ಟಿ, ಖಾಕಿಯ ಇಸ್ತ್ರಿ ಮಾತ್ರ ಕೆಡುವುದಿಲ್ಲ. ಕೊನೆಗೆ ಒಬ್ಬ ಬಳೆಗಾರ ಕೋರ್ಟಿನಲ್ಲಿ ನಡುಗುತ್ತ ನಿಂತು ನಿಜ ಹೇಳುತ್ತಾನೆ. ಆಗ ನಾನು ಕುರ್ಚಿ ಹತ್ತಿ ಸಿಳ್ಳೆ ಹೊಡೆದೆ. ನಲವತ್ತು ದಾಟಿದ ಗಂಡಸು.

ಜಮಾದಾರರು ಕೆಮ್ಮುತ್ತ ನಕ್ಕರು. "ಇಷ್ಟು ಮಂದೀನ ಹೊಡದಾನ, ಪಂಚನಾಮಿಗಿ ಸಹಿ ಯಾರ ಮಾಡಿದ್ರೋ ಶರಣಪ್ಪ?"

ನಾನಿದ್ದೇನಲ್ಲ ಸಾಹೇಬರೇ ಎಂದೆ. ಹಾಗೆಯೇ ಎಂದೆ.

ಮುಂದಿನ ವಾರ ಅವರು ಕಾಗಿಣಾ ಹೊಳೆಯ ದಂಡೆಯಲ್ಲಿ ಕಳ್ಳ ಮರಳಿನ ಟಿಪ್ಪರ್ ಹಿಡಿದರು. ಅದು ಊರ ಮುಖಂಡನೊಬ್ಬನದು. ನನ್ನನ್ನು ಬೈಕಿನ ಹಿಂದೆ ಕೂಡಿಸಿಕೊಂಡು ಹೋದರು. ಹಸಿ ಮರಳು, ಟಿಪ್ಪರಿನ ನಂಬರು, ಓಡಿಹೋದ ಡ್ರೈವರು ಬಿಟ್ಟ ಒಂಟಿ ಚಪ್ಪಲಿ, ಎಲ್ಲ ಕಂಡೆ. ಪ್ರತಿ ಸಾಲು ಓದಿ ಹೇಳಿ ನನ್ನ ಸಹಿ ತೆಗೆದುಕೊಂಡರು. ಇನ್ನೊಬ್ಬ ಪಂಚ ಕೇಸು ನಡೆಯುವಷ್ಟರಲ್ಲಿ ತೀರಿಕೊಂಡ. ಉಳಿದವನು ನಾನೊಬ್ಬನೇ.

ಎರಡು ವರ್ಷದ ಮೇಲೆ ಸಮನ್ಸ್ ಬಂತು. ಅದೇ ವಾರ ಮುಖಂಡನ ಭಾವಮೈದುನ ಆಧಾರ್ ಕಾರ್ಡಿನ ಝೆರಾಕ್ಸಿಗೆ ಬಂದ. ಅತ್ತಿತ್ತ ನೋಡಿ, ಅಂಗಡಿ ಛಲೋ ಇಟ್ಟೀರಿ ಅಂದ. ಹೋದ. ಅಷ್ಟೇ. ನಿಜವಾಗಿ ಹೊಗಳಿದ್ದೂ ಇರಬಹುದು. ಮಿಕ್ಕದ್ದನ್ನೆಲ್ಲ ನಾನೇ ಮಾಡಿಕೊಂಡೆ—ಅಂಗಡಿಗೆ ಬೆಂಕಿ, ಶಾಲೆಗೆ ಹೋಗುವ ಮಗಳ ಹಿಂದೆ ಬೈಕು, ವಾಡಿಯ ರೈಲು ಹಳಿಯ ಮೇಲೆ ನಾನು… ನನ್ನ ತಲೆಯಲ್ಲಿ ಓಡಿದ ಪಿಚ್ಚರಿನ ಮುಂದೆ ಆ ಹಿಂದಿಯದು ಏನೂ ಅಲ್ಲ.

ಕಟಕಟೆಯಲ್ಲಿ ನಿಂತು ಹೇಳಿದೆ: "ನಾ ಹೊಳಿ ದಂಡಿಗಿ ಹೋಗಿಲ್ರಿ. ಅಂಗಡ್ಯಾಗ ಕುಂತು ಸಹಿ ಮಾಡೀನ್ರಿ."

ಎಷ್ಟು ಸರಾಗವಾಗಿ ಬಂತು. ಬರದೇ ಏನು, ಅದರ ಹಿಂದಿನ ಎಲ್ಲ ಪಂಚನಾಮೆಗಳ ಮಟ್ಟಿಗೆ ಅದು ಖರೇನೇ ಆಗಿತ್ತು.

ಕೇಸು ಬಿತ್ತು. ಸುಳ್ಳು ಪಂಚನಾಮೆ ಬರೆದರೆಂದು ಜಮಾದಾರರ ಮೇಲೆ ವಿಚಾರಣೆಯಾಯಿತು, ಬಡ್ತಿ ಹೋಯಿತು, ಚಿಂಚೋಳಿಯ ಆಚೆ ಗಡಿಯ ಚೆಕ್‌ಪೋಸ್ಟಿಗೆ ಎತ್ತಿಹಾಕಿದರು. ನಾನು ಸುಳ್ಳು ಹೇಳಿದ ದಿನ ಕೋರ್ಟಿನ ಹೊರಗೆ ಅವರು ಹೆಗಲ ಮೇಲೆ ಕೈಯಿಟ್ಟು ಕೇಳಿದ್ದು ಇಷ್ಟೇ: "ಮನಿಗಿ ಬಂದು ಅಂಜಿಸ್ಯಾರೇನು?" ನಾನು ತಲೆ ತಗ್ಗಿಸಿದೆ. ತಗ್ಗಿಸಿದರೆ ಹೌದು ಅಂದ ಹಾಗೇ ಎಂದು ಗೊತ್ತಿದ್ದೇ ತಗ್ಗಿಸಿದೆ. ಇರಲಿ ಬಿಡು, ಹೆಣ್ಣುಮಗಳದಾಳ ಮನ್ಯಾಗ, ಎಂದು ಸಮಾಧಾನ ಹೇಳಿ ಹೋದರು.

ಹೋದ ತಿಂಗಳು ಒಂದು ಭಾನುವಾರ ಆ ಪಿಚ್ಚರ್ ಟೀವಿಯಲ್ಲಿ ಬಂತು. ಪಪ್ಪಾ, ನಿಮ್ಮ ಪಿಚ್ಚರ್ ಹಚ್ಯಾರ ಬರ್ರಿ, ಎಂದು ಮಗಳು ಕರೆದಳು. ಬಳೆಗಾರನ ಸರದಿ ಬರುವ ಮೊದಲೇ ನಾನು ಚಪ್ಪಲಿ ಮೆಟ್ಟಿ ಹೊರಬಿದ್ದಿದ್ದೆ. ಸೇಡಂ ಬಸ್ಸು, ಅಲ್ಲಿಂದ ಕುರಕುಂಟಾ. ರಿಟೈರಾಗಿ ಅವರು ಅಲ್ಲೇ ಇದ್ದಾರೆ—ಜಮಾದಾರರಾಗಿಯೇ ರಿಟೈರಾದರು.

ನನ್ನನ್ನು ಕಂಡು, ಕೂತಿದ್ದ ಮಂಚದ ಮೇಲೆ ಸರಿದು ಜಾಗ ಮಾಡಿದರು, ಒಳಗೆ ಚಹಾಕ್ಕೆ ಹೇಳಿದರು. ನಾನು ಕೂಡಲಿಲ್ಲ. ಯಾರೂ ಅಂಜಿಸಿರಲಿಲ್ಲ ಎಂದೆ. ಆಧಾರ್ ಕಾರ್ಡಿನ ಸಂಗತಿಯನ್ನೂ ಹೇಳಿದೆ, ಇದ್ದಷ್ಟೇ.

"ಇಷ್ಟು ವರ್ಷ ನಿನ್ನ ಮ್ಯಾಲ ನನಗ ಸಿಟ್ಟಿರ್ಲಿಲ್ಲ ಶರಣಪ್ಪ," ಅಂದರು. ಎದ್ದು ಒಳಗೆ ಹೋದರು. ಚಹಾ ಬರಲಿಲ್ಲ.

ಮರುದಿನ ವಕೀಲರ ಹತ್ತಿರ ಹೋದೆ. ಪ್ರಮಾಣ ಮಾಡಿ ಸುಳ್ಳು ಹೇಳಿದ್ದೆ ಎಂದು ಬರೆದುಕೊಟ್ಟರೆ ನಿಮ್ಮ ಮೇಲೆಯೇ ಕೇಸಾಗಬಹುದು, ಜಮಾದಾರರಿಗೆ ಉಪಯೋಗ ಆಗುತ್ತದೋ ಇಲ್ಲವೋ ಹೇಳಲಾರೆ, ಎಂದರು. ನನ್ನ ತಲೆ ಆಗಲೇ ಜೈಲು, ಮಗಳ ಮದುವೆ, ಅಂಗಡಿಯ ಬೀಗ ಎಲ್ಲ ಕಾಣತೊಡಗಿತ್ತು. ಬರೆಯಿರಿ ಎಂದೆ.

ಒಂದು ಪ್ರತಿ ಪೊಲೀಸ್ ಇಲಾಖೆಗೆ, ಒಂದು ಕುರಕುಂಟಾಕ್ಕೆ ಕಳಿಸಿದ್ದೇನೆ. ಜಮಾದಾರರು ಒಡೆದು ಓದಿದರೋ, ಹಾಗೇ ಇಟ್ಟರೋ—ಗೊತ್ತಿಲ್ಲ. ಹೋಗಿ ಕೇಳುವ ಮುಖ ನನಗಿಲ್ಲ.