ಮೂರು ನೀರಿನಲ್ಲಿ ತೊಳೆದ ಗಾಜು

ತೊಳೆದಿಟ್ಟ ಲೋಟವನ್ನು ಮತ್ತೊಮ್ಮೆ ತೊಳೆಯದೆ ನಾನು ಕಾಫಿ ಕುಡಿದವನಲ್ಲ. ನನ್ನ ಹೆಂಡತಿ ಸರೋಜಳ ಪಾಲಿಗೆ ಇದು ಅವಳ ಪಾತ್ರೆ ತೊಳೆಯುವ ವಿದ್ಯೆಗೆ ನಾನು ನಿತ್ಯವೂ ಮಾಡುವ ಅವಮಾನ. ನೆಂಟರ ಪಾಲಿಗೆ, ದೇವರ ಮನೆಯ ಹೊಸ್ತಿಲು ತುಳಿಯದ ವಿಜ್ಞಾನಿಯೊಬ್ಬನಲ್ಲಿ ಅಳಿದುಳಿದ ಮಡಿ. ನಾನು ಎರಡನ್ನೂ ಅಲ್ಲಗಳೆಯುವುದಿಲ್ಲ. ನಿಜ ಹೇಳುವುದಕ್ಕಿಂತ ಮಡಿವಂತನೆನಿಸಿಕೊಳ್ಳುವುದು ಸುಲಭ, ಸ್ವಾಮಿ.

ಎಪ್ಪತ್ತರ ದಶಕದ ನಡುವಿನಲ್ಲಿ, ರಾಜಾಜಿನಗರದ ಬಾಡಿಗೆ ಮನೆಯಲ್ಲಿ ಹೊಸ ಸಂಸಾರ ಹೂಡಿದ್ದ ನಾನು, ಊರಿನ ಇನ್ನೊಂದು ತುದಿಯ ಪ್ರಯೋಗಶಾಲೆಯಲ್ಲಿ, ಮನುಷ್ಯರ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾವೊಂದರ ಜೀನುಗಳ ಬೆನ್ನುಹತ್ತಿದ್ದೆ. ಈ ಕ್ಷುದ್ರಜೀವಿ ಮಹಾ ಜಿಪುಣ. ಹಾಲಿನಲ್ಲಿರುವ ಸಕ್ಕರೆಯನ್ನು ಅರಗಿಸುವ ಜೀನು ಅದರ ಒಡಲಲ್ಲಿ ಸದಾ ಇದ್ದರೂ, ಆ ಸಕ್ಕರೆ ಎದುರಿಗೆ ಬರುವ ತನಕ ಅದನ್ನು ಮಲಗಿಸಿಯೇ ಇಟ್ಟಿರುತ್ತದೆ. ನೆಂಟರು ಒಳಗೆ ಬಂದು ಕೂತ ಮೇಲೆಯೇ ಒಲೆ ಹಚ್ಚುವವರ ಹಾಗೆ. ಜೀನು ಎಚ್ಚೆತ್ತಿದೆಯೇ ಎಂದು ತಿಳಿಯಲು ನಾವು ಒಂದು ರಾಸಾಯನಿಕವನ್ನು ಬೆರೆಸುತ್ತಿದ್ದೆವು. ಎಚ್ಚೆತ್ತಿದ್ದರೆ ದ್ರವ ಅರಿಶಿನದ ನೀರಿನಂತೆ ಹಳದಿಯಾಗುತ್ತಿತ್ತು.

ಒಂದು ವಾರ, ಹಾಲಿನ ಸಕ್ಕರೆಯ ಸೋಂಕೇ ಇರಬಾರದಾಗಿದ್ದ ಗಾಜಿನ ಫ್ಲಾಸ್ಕಿನಲ್ಲಿ ಹಳದಿ ಬಂತು. ಮೂರು ದಿನ ಬಿಟ್ಟು ಮತ್ತೆ ಬಂತು. ಕರೆಯದೆ ಏಳುವ ಜೀನು! ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. "ಅದ್ರಿಂದ ಏನಾಗತ್ತೆ ರೀ?" ಎಂದಳು ಸರೋಜ. "ಹೆಸರು ಬರತ್ತೆ ಕಣೇ" ಎಂದೆ, ಆಗಲೇ ಬಂದುಬಿಟ್ಟವನ ಗತ್ತಿನಲ್ಲಿ.

ನಾವೆಲ್ಲ ದೊಡ್ಡ ಸಾರ್ ಎನ್ನುತ್ತಿದ್ದ ನಮ್ಮ ಪ್ರೊಫೆಸರರು ಹೊಚ್ಚಹೊಸ ಫ್ಲಾಸ್ಕುಗಳನ್ನು ತರಿಸಿ, ಮತ್ತೆ ಮಾಡಿ ಎಂದರು. ಹಳದಿ ಬರಲಿಲ್ಲ. "ಹಳೇ ಫ್ಲಾಸ್ಕು ಸರಿಯಾಗಿ ತೊಳ್ದಿದ್ರೇನ್ರೀ?" ಎಂದು ನನ್ನನ್ನು ನೋಡಿದರು. "ತೊಳೆಯೋದು ಪುಟ್ಟಮ್ಮ, ಸಾರ್" ಎಂದುಬಿಟ್ಟೆ.

ಪುಟ್ಟಮ್ಮ ಹನ್ನೆರಡು ವರ್ಷಗಳಿಂದ ಅಲ್ಲಿ ಗಾಜು ತೊಳೆಯುತ್ತಿದ್ದವರು. ಸೋಡಾಪುಡಿಯಿಂದ ಬಿರಿದ ಬೆರಳುಗಳಲ್ಲಿ ಒಂದೊಂದು ಫ್ಲಾಸ್ಕನ್ನೂ ಮೂರು ನೀರಿನಲ್ಲಿ ತೊಳೆದು, ಕಿಟಕಿಯ ಬೆಳಕಿಗೆ ಹಿಡಿದು, "ನೋಡಿ ಸಾರ್, ಒಂದು ಹನಿ ನಿಂತಿದ್ರೆ ಕೇಳಿ" ಎಂದು ಹೆಮ್ಮೆಪಡುತ್ತಿದ್ದರು. ಆ ದಿನವೇ ಅವರನ್ನು ಗಾಜಿನ ಕೆಲಸದಿಂದ ತೆಗೆದು, ಪೊರಕೆ ಕೊಟ್ಟು ಕಾರಿಡಾರಿಗೆ ಹಾಕಿದರು. "ಮೂರು ನೀರಲ್ಲೇ ತೊಳ್ದಿದ್ದೆ ಸಾರ್" ಎಂದು ಅವರು ಹೇಳಿದ್ದು ದೊಡ್ಡ ಸಾರಿಗಲ್ಲ, ನನಗೆ. ನಾನು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿರುವವನಂತೆ ತಲೆ ತಗ್ಗಿಸಿದೆ.

ಈಗ ನನ್ನ ನಾಲಿಗೆಯ ಚಪಲದ ವಿಚಾರಕ್ಕೆ ಬರಬೇಕು. ಕ್ಯಾಂಟೀನಿನ ಕಾಫಿ ಕಲಗಚ್ಚಿಗೆ ಸಮವೆಂದು ತೀರ್ಮಾನಿಸಿದ್ದ ನಾನು, ದಿನವೂ ಮನೆಯಿಂದ ಕಾಯಿಸಿದ ಹಾಲನ್ನು ಪ್ರಯೋಗಶಾಲೆಯ ಫ್ಲಾಸ್ಕಿನಲ್ಲೇ ತುಂಬಿಸಿಕೊಂಡು, ಬಿರಡೆ ಒತ್ತಿ, ಬಸ್ಸಿನಲ್ಲಿ ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆ. "ಏನ್ ಸಾರ್ ಅದು, ಆಸಿಡ್ಡಾ? ಆ ಕಡೆ ಹಿಡ್ಕೊಳಿ" ಎಂದು ಕಂಡಕ್ಟರು ಬೈದದ್ದೂ ಉಂಟು. ಕಾಫಿಯಾದ ಮೇಲೆ ನಲ್ಲಿಯ ಕೆಳಗೆ ಒಮ್ಮೆ ಗಲಬರಿಸಿ, ಪುಟ್ಟಮ್ಮನಿಗೆ ಕೆಲಸ ಕಡಿಮೆಯಾಗಲೆಂಬ ಮಹಾ ಕರುಣೆಯಿಂದ, ಅವರು ತೊಳೆದಿಟ್ಟವುಗಳ ಸಾಲಿನಲ್ಲೇ ಬೋರಲು ಹಾಕುತ್ತಿದ್ದೆ. ಸಂಜೆ ಆ ಸಾಲಿನಿಂದಲೇ ಒಂದನ್ನು ಎತ್ತಿಕೊಂಡು ಮನೆಗೆ.

ಪುಟ್ಟಮ್ಮ ಪೊರಕೆ ಹಿಡಿದ ಮರುವಾರ ಸರೋಜ ಹಾಲು ಬಗ್ಗಿಸುತ್ತಾ, "ದಿನಾ ಬೇರೆ ಬೇರೆ ಸೀಸೆ ತರ್ತೀರಲ್ಲ ರೀ? ನೆನ್ನೇದರ ಬಾಯಿ ಒಡ್ದಿತ್ತು, ಇದು ಚೆನ್ನಾಗಿದೆ" ಎಂದಳು. ಹಾಗಾದರೆ ನೆನ್ನೆಯದು ಎಲ್ಲಿ? ಅದರ ಹಿಂದಿನದು? ಎಲ್ಲವೂ ಪ್ರಯೋಗಶಾಲೆಯ ಆ ಸಾಲಿನಲ್ಲೇ. ಹಾಲಿನ ಪಸೆಯ ಫ್ಲಾಸ್ಕುಗಳಿಗೆ ನಾನೇ ಬ್ಯಾಕ್ಟೀರಿಯಾ ಹಾಕಿ, ನಾನೇ ಹಳದಿ ಕಂಡು, ನಾನೇ ಕುಣಿದಿದ್ದೆ.

ಅಂದು ಕಾರಿಡಾರಿನಲ್ಲಿ ಗುಡಿಸುತ್ತಿದ್ದ ಪುಟ್ಟಮ್ಮನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಪೊರಕೆ ನಿಲ್ಲಿಸಲಿಲ್ಲ.

"ಗೊತ್ತಿತ್ತು ಸಾರ್. ಒಂದೊಂದು ಸೀಸೆ ಹಾಲು ನಾರ್ತಿತ್ತು. ಸಿಕ್ಕಿದ್ದನ್ನೆಲ್ಲ ತಿರುಗಾ ತೊಳೀತಿದ್ದೆ. ಒಂದೆರಡು ತಪ್ಪಿಸ್ಕೊಂಡ್ವೇನೋ."

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ, ಪುಟ್ಟಮ್ಮ?"

"ನೀವೇ ಹೇಳ್ತೀರ ಅಂದ್ಕೊಂಡಿದ್ದೆ. ಈಗ ನಂಗೆ ಹೇಳಿದ್ರೆ ಏನ್ ಬಂತು ಸಾರ್? ದೊಡ್ಡ ಸಾರ್‌ಗೆ ಹೇಳಿ."

ಹೋದೆ. ದೊಡ್ಡ ಸಾರ್ ನನ್ನ ಫೆಲೋಶಿಪ್ಪಿಗೆ ಶಿಫಾರಸು ಬರೆಯುತ್ತಿದ್ದರು. "ಏನ್ರೀ?" ಎಂದರು. "ಏನಿಲ್ಲ ಸಾರ್" ಎಂದು ಹೊರಗೆ ಬಂದೆ. ಬಾಗಿಲ ಆಚೆ ಪೊರಕೆಯ ಸದ್ದು ನಿಂತಿತ್ತು. ಪುಟ್ಟಮ್ಮ ನನ್ನ ಮುಖ ನೋಡಿದರು, ಮತ್ತೆ ಗುಡಿಸತೊಡಗಿದರು. ಅವರು ನಿವೃತ್ತರಾದದ್ದು ಆ ಪೊರಕೆಯೊಂದಿಗೇ. ದೊಡ್ಡ ಸಾರ್ ಈಗಿಲ್ಲ. ಆ ಫೆಲೋಶಿಪ್ ನನಗೆ ಸಿಕ್ಕಿತು. ಜೀನು ಯಾವಾಗ ಏಳುತ್ತದೆ, ಯಾವಾಗ ಮಲಗುತ್ತದೆ ಎಂದು ಜೀವಮಾನವೆಲ್ಲ ಪಾಠ ಹೇಳಿದೆ. ನನ್ನೊಳಗೆ ಏಳಬೇಕಾದದ್ದು ಆ ಬಾಗಿಲಲ್ಲಿ ಏಳಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು!

ಇವತ್ತು ಬೆಳಿಗ್ಗೆ, ಲೋಟ ಹಿಡಿದು ನಲ್ಲಿಯ ಮುಂದೆ ನಿಂತಿದ್ದಾಗ, ಸರೋಜಳಿಗೆ ಮೊದಲ ಸಲ ಇದನ್ನೆಲ್ಲ ಹೇಳಿದೆ. ಅವಳು, "ನಂಗೆ ಹೇಳಿದ್ರೆ ಏನ್ ಬಂತು ರೀ?" ಎಂದಳು.

ಈಗ ನಿಮಗೂ ಹೇಳಿದ್ದಾಯಿತು. ಲೋಟವನ್ನು ಮತ್ತೆ ನಲ್ಲಿಗೆ ಹಿಡಿದೆ.